ಪೈಲಟ್ ಮಾವನ ಎರಡು ಕಂಬದ ದೋಣಿ

ಸೆಪ್ಟೆಂಬರ್ 2, ಮಂಗಳವಾರ

ಹಲ್ಲಿನ ಡಾಕ್ಟರ ರೇಸ್ ದೋಣಿಯ ಪರೀಕ್ಷೆ ಮುಗಿಯಿತು. ಒಂದೇ ಕಂಬ, ಕಾರ್ಬನ್ನಿನದು, ಹದಿನೆಂಟು ಮೀಟರ್ ಎತ್ತರ. ಹಾಯಿಗಳು ಹೊಚ್ಚ ಹೊಸವು. ಕಂಬವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳಲ್ಲಿ ಒಂದು ಎಳೆಯೂ ಕಿತ್ತುಹೋಗಿಲ್ಲ. ಆದರೆ ಹೊರಗೆ ಶೃಂಗಾರ, ಒಳಗೆ ಗೋಳಿಸೊಪ್ಪು. ಒಡಲು ಸತ್ತಿದೆ.

ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಬಿಡಿಸಿ ಹೇಳಬೇಕಾಯಿತು. ಈ ದೋಣಿಗಳ ಒಡಲೆಂದರೆ ಎರಡು ಫೈಬರ್ ಹಾಳೆ, ನಡುವೆ ಬೆರಳು ದಪ್ಪದ ಹಗುರ ಮರ. ಮೂರೂ ಸರಿಯಾಗಿ ಅಂಟಿಕೊಂಡಿದ್ದರೆ ಸುತ್ತಿಗೆ ತಾಗಿಸಿದಾಗ ಟಣ್ ಅನ್ನುತ್ತದೆ. ಅಂಟು ಬಿಟ್ಟಿದ್ದರೆ ದಬ್ ಅನ್ನುತ್ತದೆ. ನಿಮ್ಮದು ಮೂತಿಯಿಂದ ಬಾಲದವರೆಗೆ ದಬ್ ಎಂದೆ.

"ನಾಲ್ಕು ವರ್ಷ ಆಗಿಲ್ಲ ಕಣ್ರೀ ಇದನ್ನ ಕಟ್ಟಿಸಿ" ಅಂದರು.

"ನಾಲ್ಕು ವರ್ಷದ ಮಗುವಿಗೆ ಹಲ್ಲು ಹುಳುಕಾಗಲ್ವಾ ಡಾಕ್ಟ್ರೇ?"

ಅವರು ನಗಲಿಲ್ಲ.

ಲೆಕ್ಕ ಹಾಕಿ ನೋಡಿದೆ. ಹೋದ ವರ್ಷ ಮೂವತ್ತನಾಲ್ಕು ದೋಣಿ ನೋಡಿ ಐದನ್ನು ಕೊಳ್ಳಬೇಡಿ ಅಂದಿದ್ದೆ. ಈ ವರ್ಷ ಇಲ್ಲಿಯವರೆಗೆ ಹತ್ತೊಂಬತ್ತರಲ್ಲಿ ಹನ್ನೊಂದು. ದೋಣಿ ಕಟ್ಟುವವರೆಲ್ಲ ಕೆಲಸಗಳ್ಳರಾಗಿದ್ದಾರೆ. ಬೇರೆ ಕಾರಣ ಕಾಣುವುದಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಹಳೆಯ ಕೆಟಲ್ ಸಿಳ್ಳೆ ಹಾಕುವುದನ್ನು ನಿಲ್ಲಿಸಿತ್ತು. ಹೊಸದು ತಂದೆ. ಅದೂ ಹಾಕುವುದಿಲ್ಲ. ನೀರು ಬತ್ತಿ ತಳ ಕಪ್ಪಾಯಿತು. ಹೆಂಡತಿ ಏನೋ ಅಂದಳು. ಈಚೆಗೆ ಅವಳು ಬಾಯೊಳಗೇ ಮಾತಾಡುತ್ತಾಳೆ. ಏನು ಅಂತ ಕೇಳಿದರೆ "ಏನಿಲ್ಲ ಬಿಡಿ" ಅನ್ನುತ್ತಾಳೆ, ಅದನ್ನು ಮಾತ್ರ ಜೋರಾಗಿ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಹೀಗಾಗುತ್ತದೋ ಏನೋ.

ಅವಳ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿಸಿರಬೇಕು. ಇಡೀ ದಿನ ಹಾಯಿಯ ಬಟ್ಟೆ ಹೊಲಿಯುತ್ತಾಳೆ. ಮನೆಯಲ್ಲಿ ಯಾರೂ ಇಲ್ಲವೇನೋ ಅನ್ನುವಷ್ಟು ನಿಶ್ಶಬ್ದ.

ಸೆಪ್ಟೆಂಬರ್ 11, ಗುರುವಾರ

ದೋಣಿ ನಿಲ್ಲಿಸುವ ಯಾರ್ಡಿನ ಗೇಟಿಗೆ ನೋಟಿಸ್ ಅಂಟಿಸಿದ್ದಾರೆ. ಹಿಂಭಾಗದ ಜಾಗ ಬಿಟ್ಟುಕೊಡಬೇಕಂತೆ. ಅಲ್ಲಿ ನಿಂತಿರುವ ಹದಿನಾಲ್ಕು ದೋಣಿಗಳ ಮಾಲೀಕರು ಅಕ್ಟೋಬರ್ 31ರೊಳಗೆ ಮಾರಬೇಕು ಅಥವಾ ಸಾಗಿಸಬೇಕು. ಉಳಿದವನ್ನು ಕತ್ತರಿಸಿ ಹಾಕುತ್ತಾರೆ.

ಪೈಲಟ್ ಮಾವನ ದೋಣಿ ಇರುವುದು ಅಲ್ಲೇ, ಕೊನೆಯ ಸಾಲಿನಲ್ಲಿ. ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರಿಸುವ ಪೈಲಟ್ ಆಗಿದ್ದವರು. ನೆಂಟಸ್ತಿಕೆ ಏನೂ ಇಲ್ಲ, ಇಡೀ ಯಾರ್ಡಿಗೆ ಮಾವ. ಈಗ ಎಪ್ಪತ್ತಾರು, ಎರಡೂ ಮಂಡಿ ಹೋಗಿವೆ. ಆ ದೋಣಿಯನ್ನು ಅವರು, ಅವರ ಹೆಂಡತಿ ಇಬ್ಬರೇ ಒಂಬತ್ತು ವರ್ಷ ಒಂದು ಶೆಡ್ಡಿನಲ್ಲಿ ಕೂತು ಕಟ್ಟಿದ್ದು. ಆಕೆ ತೀರಿಕೊಂಡು ಆರು ವರ್ಷವಾಯಿತು.

ಸಂಜೆ ಗಾಳಿ ಚೆನ್ನಾಗಿತ್ತು. ಹಿಂದೆಲ್ಲ ಗಾಳಿ ಎದ್ದರೆ ನೂರು ಕಂಬಗಳಿಗೆ ನೂರು ಹಗ್ಗ ಬಡಿದು ಯಾರ್ಡ್ ಪಾತ್ರೆ ಅಂಗಡಿಯಂತಾಗುತ್ತಿತ್ತು. ಈ ವರ್ಷ ಶಾಂತವಾಗಿದೆ. ಜನ ಹಗ್ಗ ಬಿಗಿದು ಕಟ್ಟುವುದನ್ನು ಕಲಿತರು ಅಂತ ಕಾಣುತ್ತೆ. ಕಡಲಹಕ್ಕಿಗಳೂ ಈ ಸಲ ಕಡಿಮೆ. ಅಲ್ಲ, ಕಾಣುತ್ತವೆ. ಕೂಗುವುದಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಇವತ್ತಿನದು ವಿಚಿತ್ರ ದೋಣಿ. ಬೀಸಣಿಗೆಯಂತೆ ಮಡಚಿಕೊಳ್ಳುವ ಹಾಯಿ, ಅಡ್ಡಡ್ಡಲಾಗಿ ಬಿದಿರು ಕಡ್ಡಿಗಳು, ಕಂಬಕ್ಕೆ ಒಂದೂ ತಂತಿ ಇಲ್ಲ. ಮರದ ಹಾಗೆ ತನ್ನ ಬೇರಿನ ಮೇಲೇ ನಿಂತಿದೆ. ಒಬ್ಬನೇ ಕೂತು ಒಂದು ಹಗ್ಗದಲ್ಲಿ ಎಲ್ಲ ಆಡಿಸಬಹುದು. ಇಂಥದ್ದನ್ನು ನೋಡಿ ಹತ್ತು ವರ್ಷವಾಗಿತ್ತು, ಖುಷಿಯಾಯಿತು. ಆದರೆ ಡೆಕ್ಕು ಪೂರ್ತಿ ಟೊಳ್ಳು. ಬೇಡ ಅಂದೆ. ಈ ವರ್ಷ ಇದು ಹನ್ನೆರಡನೆಯದು.

ಹಲ್ಲಿನ ಡಾಕ್ಟರು ಬೇರೆಯವನನ್ನು ಕರೆಸಿದರಂತೆ. ನಾವು ಡ್ರಿಲ್ಲು ಅಂತ ಕರೆಯುವವನನ್ನೇ. ಅವನು ಸುತ್ತಿಗೆ ಮುಟ್ಟುವುದಿಲ್ಲ, ಎಲ್ಲ ಕಡೆ ಸಣ್ಣ ತೂತು ಕೊರೆದು ಒಳಗಿನ ಮರ ತೆಗೆದು ನೋಡುತ್ತಾನೆ. ದೋಣಿ ಸರಿಯಿದೆ ಅಂತ ಬರೆದುಕೊಟ್ಟಿದ್ದಾನೆ. ತೂತು ಕೊರೆಯುವುದು ಕಿವಿ ಇಲ್ಲದವರ ಕೆಲಸ ಅಂತ ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ಡಾಕ್ಟರು ಅವನಿಗೆ ಬಿಟ್ಟಿ ಹಲ್ಲು ಕಟ್ಟಿಸಿಕೊಟ್ಟಿರಬೇಕು.

ಸೆಪ್ಟೆಂಬರ್ 30, ಮಂಗಳವಾರ

ಪೈಲಟ್ ಮಾವ ಕೋಲೂರಿಕೊಂಡು ಮನೆಗೇ ಬಂದರು. ಗಿರಾಕಿ ಸಿಕ್ಕಿದ್ದಾರೆ. ಗಂಡ ಬಸ್ ಡ್ರೈವರ್, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಎರಡು ವರ್ಷ ರಜೆ ಹಾಕಿ ಸಮುದ್ರ ಸುತ್ತುವ ಆಸೆ. ದೋಣಿ ನೋಡಿ ಮರುಳಾಗಿದ್ದಾರೆ. ಆದರೆ ಪರೀಕ್ಷೆಯ ವರದಿ ಇಲ್ಲದೆ ವಿಮೆ ಕಂಪನಿ ಒಪ್ಪುವುದಿಲ್ಲ, ವಿಮೆ ಇಲ್ಲದೆ ಯಾವ ಬಂದರೂ ಒಳಗೆ ಬಿಡುವುದಿಲ್ಲ.

"ನೀನೇ ನೋಡು ಸುತ್ತಿಗೆ" ಅಂದರು. ಅವರೊಬ್ಬರೇ ನನ್ನನ್ನು ಹಾಗೆ ಕರೆಯುವುದು. ಸುತ್ತಿಗೆ ಹಿಡಿಯಲು ಕಲಿಸಿದವರೂ ಅವರೇ.

"ನಾನು ನಿಮ್ಮ ಕಡೆಯವನು ಮಾವ. ಅವರು ಒಪ್ತಾರಾ?"

"ನೀನು ನಿಮ್ಮಪ್ಪನ ದೋಣಿ ಆದ್ರೂ ಸುಳ್ಳು ಬರೆಯಲ್ಲ ಅಂತ ಅವರಿಗೆ ಹೇಳಿದೀನಿ. ಇದು ತುಂಡಾಗೋದನ್ನ ನಾನು ನೋಡಬಾರದು ಕಣಯ್ಯಾ. ನಾನು ಇಲ್ಲದಿದ್ರೂ ಅದು ಓಡಾಡ್ತಿರಬೇಕು. ಅಷ್ಟೇ ನನ್ನ ಆಸೆ."

ಹೋಗುವಾಗ ನನ್ನ ಹೆಂಡತಿಯ ಜೊತೆ ಬಾಗಿಲಲ್ಲಿ ನಿಂತು ಮಾತಾಡಿದರು. ಅವಳು ತನ್ನ ಕಿವಿ ಮುಟ್ಟಿ ಏನೋ ತೋರಿಸಿದಳು. ಓಲೆಯ ವಿಷಯ ಇರಬೇಕು.

ಅಕ್ಟೋಬರ್ 6, ಸೋಮವಾರ

ಮೊದಲ ದಿನ, ಕಂಬ ಮತ್ತು ತಂತಿಗಳು. ಮೇಲೆ ಹತ್ತುವುದು ತಂಗಿಯ ಮಗಳು. ಮೂವತ್ತನಾಲ್ಕು ವರ್ಷ, ಈ ಕರಾವಳಿಯಲ್ಲಿ ಅವಳಷ್ಟು ಸಲೀಸಾಗಿ ಕಂಬ ಹತ್ತುವವರು ಇಲ್ಲ. ಅವಳು ಮೇಲೆ ತೂಗಾಡುತ್ತ ಕೂಗಿ ಹೇಳುವುದು, ನಾನು ಕೆಳಗೆ ಬರೆದುಕೊಳ್ಳುವುದು, ಇದು ಹತ್ತು ವರ್ಷದ ಪದ್ಧತಿ. ಇವತ್ತು ಅವಳು ಪ್ರತಿ ಸಲ ಕೆಳಗಿಳಿದು ಬಂದು ಎದುರು ನಿಂತು ಹೇಳಿದಳು. "ಯಾಕೆ ಇಷ್ಟು ಸುಸ್ತು ಮಾಡ್ಕೋತೀಯ?" ಅಂದರೆ, "ವ್ಯಾಯಾಮ ಮಾಮ" ಅಂದಳು.

ಎರಡು ಕಂಬ, ಮುಂದಿನದು ದೊಡ್ಡದು, ಹಿಂದಿನದು ಚಿಕ್ಕದು. ಗಾಳಿ ಹೆಚ್ಚಾದರೆ ನಡುವಿನ ದೊಡ್ಡ ಹಾಯಿ ಇಳಿಸಿ ಮುಂದೊಂದು ಹಿಂದೊಂದು ಇಟ್ಟುಕೊಂಡು ಹೋಗಬಹುದು. ಇಬ್ಬರೇ ನಡೆಸುವ ದೋಣಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಕಂಬಗಳು ಮರದವು, ಎಂಟೆಂಟು ಪಟ್ಟಿ ಸೇರಿಸಿ ಅಂಟಿಸಿದ್ದು, ಒಳಗೆ ಪೊಳ್ಳು. ಮಾವನ ಹೆಂಡತಿಯ ಕೈಕೆಲಸ. ಸಂದು ಎಲ್ಲಿದೆ ಅಂತ ಭೂತಗನ್ನಡಿ ಹಿಡಿದು ಹುಡುಕಬೇಕು. ಹಿಂದಿನ ಕಂಬದ ಎಡ ತಂತಿಯ ಬುಡದ ಕೊಂಡಿಯಲ್ಲಿ ಕೂದಲೆಳೆಯ ಬಿರುಕು ಸಿಕ್ಕಿತು. ಅದೊಂದನ್ನು ಬದಲಾಯಿಸಬೇಕು. ಉಳಿದದ್ದಕ್ಕೆ ನೂರಕ್ಕೆ ನೂರು.

ನರ್ಸ್ ಮತ್ತು ಅವಳ ಗಂಡ ಬಂದಿದ್ದರು. ಅವನು ಚುಕ್ಕಾಣಿ ಹಿಡಿದು ನಿಂತ. ಹೆಂಡತಿ, "ಟಿಕೆಟ್ ಟಿಕೆಟ್" ಅಂದಳು. ಪೈಲಟ್ ಮಾವ ಮಂಡಿ ನೋವು ಮರೆತು ನಕ್ಕರು.

ಅಕ್ಟೋಬರ್ 7, ಮಂಗಳವಾರ

ಬರೆಯಲು ಕೈ ಏಳುತ್ತಿಲ್ಲ.

ಬೆಳಿಗ್ಗೆ ಎಂಟಕ್ಕೆ ಮೂತಿಯಿಂದ ಶುರು ಮಾಡಿದೆ. ಕೈಯಗಲಕ್ಕೆ ಒಂದು ಪೆಟ್ಟು, ಹಾಗೆ ಸಾಲು ಸಾಲು. ಮೊದಲ ಸಾಲು, ದಬ್. ಎರಡನೆಯ ಸಾಲು, ದಬ್. ಬಲಕ್ಕೆ ಹೋದೆ. ಅದೇ. ಮೇಲೆ ಹತ್ತಿ ಡೆಕ್ಕಿನಲ್ಲಿ ಮಂಡಿಯೂರಿ ನೋಡಿದೆ. ಅದೇ.

ತೇವ ಅಳೆಯುವ ಮೀಟರ್ ಇಟ್ಟೆ. ಒಣಗಿದೆ ಅಂತ ತೋರಿಸಿತು, ಎಲ್ಲ ಕಡೆ. ಆದರೆ ತೇವವಿಲ್ಲದೆಯೂ ಅಂಟು ಬಿಡಬಹುದು. ಮೂವತ್ತು ವರ್ಷ ಹಳೆಯ ಅಂಟು. ಮೀಟರ್ ನೀರನ್ನು ಹೇಳುತ್ತದೆ, ಅಂಟನ್ನು ಹೇಳುವುದಿಲ್ಲ.

ತಂಗಿಯ ಮಗಳು ಪಕ್ಕಕ್ಕೆ ಬಂದಳು. "ಮಾಮ, ನಂಗೆ ಚೆನ್ನಾಗೇ ಕೇಳಿಸ್ತಾ ಇದೆಯಲ್ಲ."

"ನೀನು ತಂತಿ ನೋಡೋಳು. ತಂತಿ ನೋಡು."

"ಇನ್ನೊಂದ್ಸಲ ಹೊಡೀರಿ. ಇಲ್ಲಿ. ಇದು ಟಣ್ ಅಲ್ವಾ?"

"ಇದು ಟಣ್ ಆದ್ರೆ ಕುಂಬಳಕಾಯಿ ದೇವಸ್ಥಾನದ ಗಂಟೆ."

ಅವಳು ಸುಮ್ಮನಾಗಲಿಲ್ಲ. "ಒಂದು ತೂತು ಕೊರೆದು ನೋಡಿಬಿಡೋಣ. ಐದು ನಿಮಿಷದ ಕೆಲಸ. ಆಮೇಲೆ ನಾನೇ ಮುಚ್ತೀನಿ."

ಎಲ್ಲರ ಎದುರು ಅಂದಳು. ಯಾರ್ಡಿನ ಕ್ರೇನಿನವನು ಬೀಡಿ ಹಚ್ಚಿ ನೋಡುತ್ತ ನಿಂತಿದ್ದ. ನನಗೆ ಸಿಟ್ಟು ಬಂತು. "ಡ್ರಿಲ್ಲನ್ನೇ ಮಾಮ ಅಂತ ಕರಿ ಹೋಗು" ಅಂದೆ. ಅವಳು ಹೋಗಿ ತನ್ನ ಹಗ್ಗ ಸುತ್ತಿಕೊಂಡಳು.

ನಿಜ ಹೇಳಬೇಕೆಂದರೆ ಟಣ್ ಅಂತ ಕೇಳಬೇಕು ಅಂತ ನನಗೆ ಎಷ್ಟು ಆಸೆಯಿತ್ತೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಮೂರು ಸುತ್ತು ಹೊಡೆದೆ. ಬೇಕು ಬೇಕು ಅಂತ ಕಿವಿಗೊಟ್ಟರೆ ಬೇಕಾದದ್ದೇ ಕೇಳುತ್ತದೆ, ಈ ಕೆಲಸದಲ್ಲಿ ಎಲ್ಲರೂ ಕೆಡುವುದು ಅಲ್ಲೇ. ಹಾಗಾಗಿ ಯಾರದೋ ದೋಣಿ ಅಂದುಕೊಂಡು ಮನಸ್ಸು ಗಟ್ಟಿ ಮಾಡಿ ಹೊಡೆದೆ. ಮೂರೂ ಸಲ ಒಂದೇ.

ಮಾವ ಏಣಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೋಗಿ ಹೇಳಿದೆ.

"ನನಗೂ ಈಗ ಕೂತು ಕೇಳಿದಾಗ ಸರಿಯಾಗೇ ಇದೆ ಅನ್ನಿಸ್ತು" ಅಂದರು, ನಿಧಾನವಾಗಿ, ನನ್ನ ಮುಖ ನೋಡುತ್ತ. "ಆದ್ರೆ ಸ್ವಂತ ಮಗು ಹಾಡಿದ್ರೆ ಯಾರಿಗೆ ಅಪಸ್ವರ ಕೇಳ್ಸುತ್ತೆ? ನೀನು ಸತ್ತಿದೆ ಅಂದ್ರೆ ಸತ್ತಿದೆ."

ಅಕ್ಟೋಬರ್ 8, ಬುಧವಾರ

ವರದಿ ಬರೆದು ಕಳಿಸಿದೆ. ನಾಲ್ಕು ಪುಟ. ಕಂಬ, ತಂತಿ, ಹಾಯಿಗೆ ಮೂರೂವರೆ ಪುಟ ಹೊಗಳಿಕೆ. ಉಳಿದ ಅರ್ಧ ಪುಟ ಸಾಕು.

ಅಕ್ಟೋಬರ್ 14, ಮಂಗಳವಾರ

ನರ್ಸ್ ಫೋನ್ ಮಾಡಿದ್ದಳು. ಫೋನ್ ಹೆಂಡತಿಯೇ ಎತ್ತಿಕೊಂಡು ಮಾತಾಡಿ ನನಗೆ ಚೀಟಿ ಬರೆದುಕೊಟ್ಟಳು. ಅವರು ದೋಣಿ ಬಿಟ್ಟರು. ಅವಳು ಅತ್ತಳಂತೆ. ನಿಮ್ಮಿಂದ ಎರಡು ಜೀವ ಉಳಿಯಿತು ಅಂತ ಥ್ಯಾಂಕ್ಸ್ ಹೇಳಿದಳಂತೆ.

ಈಚೆಗೆ ಹೆಂಡತಿ ಎಲ್ಲಕ್ಕೂ ಚೀಟಿ ಬರೆಯುತ್ತಾಳೆ. ಹಾಲು ತನ್ನಿ. ಬಾಗಿಲು ಹಾಕಿ. ಇವತ್ತಿನ ಚೀಟಿಯ ಹಿಂದೆ ಕಿವಿ ಡಾಕ್ಟರ ನಂಬರ್ ಇತ್ತು. ಹಳೆಯ ಕಾಗದ ಉಪಯೋಗಿಸಿದ್ದಾಳೆ ಅಂತ ಬಿಸಾಕಿದೆ.

ಅಕ್ಟೋಬರ್ 22, ಬುಧವಾರ

ಹೊಸ ಕೆಲಸ ಇಲ್ಲ. ತಂಗಿಯ ಮಗಳು ಮನೆಗೆ ಬಂದಿಲ್ಲ. ಯಾರ್ಡಿನಲ್ಲಿ ನನ್ನನ್ನು ಕಂಡರೆ ದೋಣಿ ಮಾರುವವರು ಮುಖ ತಿರುಗಿಸುತ್ತಾರೆ. ಕ್ರೇನಿನವನು, "ಸಾಹೇಬ್ರು ಬಂದ್ರು, ದೋಣಿಗಳಿಗೆ ಮುಸುಕು ಹಾಕ್ರಪ್ಪಾ" ಅಂದನಂತೆ. ಟೀ ಅಂಗಡಿಯವನು ಹೇಳಿದ. ನನ್ನ ಬೆನ್ನ ಹಿಂದೆ ಎರಡು ಮಾರು ದೂರದಲ್ಲೇ ಅಂದದ್ದಂತೆ.

ನಿಷ್ಠುರವಾದಿ ಲೋಕವಿರೋಧಿ. ಇರಲಿ.

ಅಕ್ಟೋಬರ್ 31, ಶುಕ್ರವಾರ

ಹದಿನಾಲ್ಕರಲ್ಲಿ ಹತ್ತು ದೋಣಿ ಹೋದವು. ನಾಲ್ಕು ಉಳಿದವು. ಮಾವ ಕಾಗದಕ್ಕೆ ಸಹಿ ಹಾಕಿದರು. ತಂಗಿಯ ಮಗಳು ಬಂದು ಎರಡೂ ಕಂಬಗಳನ್ನು, ತಂತಿಗಳನ್ನು ಬಿಚ್ಚಿ ತನ್ನ ಶೆಡ್ಡಿಗೆ ಸಾಗಿಸಿದಳು. ಯಾವುದಾದರೂ ದೋಣಿಗೆ ಆದೀತು ಅಂದಳು. ನನ್ನನ್ನು ಮಾತಾಡಿಸಲಿಲ್ಲ.

ಕಂಬ ಇಲ್ಲದ ದೋಣಿ ಬೋಳಿಸಿದ ತಲೆಯಂತೆ ಕಾಣುತ್ತದೆ.

ನವೆಂಬರ್ 3, ಸೋಮವಾರ

ಕತ್ತರಿಸಿದರು. ಮಾವ ಬರಲಿಲ್ಲ. ನಾನು ಹೋಗಬೇಕೆನ್ನಿಸಿತು. ಸತ್ತಿದೆ ಅಂದವನು ಮಣ್ಣಿಗೂ ಹೋಗಬೇಕು.

ದೊಡ್ಡ ಗರಗಸ, ದೂಳು. ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರು. ನನಗೆ ಬೇಕೆನಿಸಲಿಲ್ಲ. ಹತ್ತೂವರೆಗೆ ಎಡಮಗ್ಗುಲು ಬಿತ್ತು. ಕ್ರೇನಿನವನು ಒಂದು ತುಂಡು ಎತ್ತಿಕೊಂಡು ಬಂದು ನನ್ನ ಕೈಗಿಟ್ಟ. ತಮಾಷೆ ಮಾಡಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

ಅಂಚು ನೋಡಿದೆ. ಫೈಬರ್, ಮರ, ಫೈಬರ್. ಮರ ಹಳದಿ ಬಣ್ಣಕ್ಕೆ, ಹೊಸದಾಗಿ ಸೀಳಿದ ಹಾಗೆ. ಒಣಗಿದೆ. ಉಳಿ ಕೇಳಿ ತೆಗೆದುಕೊಂಡು ಸಂದಿನಲ್ಲಿ ಇಟ್ಟು ಹೊಡೆದೆ. ಮರ ಸೀಳಿತು, ಅಂಟು ಬಿಡಲಿಲ್ಲ. ಬೇರೆ ತುಂಡು ತೆಗೆದುಕೊಂಡೆ. ಬೇರೆ ಕಡೆಯದು. ಮತ್ತೊಂದು. ಹನ್ನೆರಡು ಕಡೆ ಉಳಿ ಹಾಕಿದೆ. ಹನ್ನೆರಡೂ ಕಡೆ ಮರವೇ ಸೀಳಿತು.

ಗರಗಸದವರು ಊಟಕ್ಕೆ ಹೋದರು. ದೂಳಿನಲ್ಲಿ ಕೂತಿದ್ದೆ. ಒಂದು ತುಂಡು ಮನೆಗೆ ತಂದೆ.

ಹೆಂಡತಿಯ ಕೈಗೆ ಸುತ್ತಿಗೆ ಕೊಟ್ಟು, "ಹೊಡಿ" ಅಂದೆ. ಹೊಡೆದಳು. ನನಗೆ ದಬ್. "ಹೇಗಿದೆ?" ಅಂದೆ. ಅವಳು ಚೀಟಿ ಬರೆಯಲಿಲ್ಲ. ನನ್ನ ಎರಡೂ ಕಿವಿಗಳ ಮೇಲೆ ಕೈಯಿಟ್ಟು ನಿಂತಳು.

ನವೆಂಬರ್ 6, ಗುರುವಾರ

ತಂಗಿಯ ಮಗಳು ಕಾರು ತಂದು ಕಿವಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಗಾಜಿನ ಕೋಣೆ, ತಲೆಗೆ ಹೆಡ್‌ಫೋನ್, ಸದ್ದು ಬಂದಾಗ ಗುಂಡಿ ಒತ್ತಬೇಕು. ಬಹಳ ಹೊತ್ತು ಶುರುವಾಗಲಿ ಅಂತ ಕಾಯುತ್ತ ಕೂತಿದ್ದೆ. ಶುರುವಾಗಿ ಮುಗಿದೇ ಹೋಗಿತ್ತು.

ಡಾಕ್ಟರು ಗೆರೆ ತೋರಿಸಿದರು. ದಪ್ಪ ಸದ್ದುಗಳಿಗೆ ನೆಟ್ಟಗಿದೆ, ಕೀರಲು ಸದ್ದುಗಳಿಗೆ ಬಾವಿಗೆ ಇಳಿದ ಹಾಗೆ ಇಳಿದಿದೆ. ಒಂದು ವರ್ಷದಿಂದಲಾದರೂ ಇರಬೇಕು, ಹೆಚ್ಚೇ ಇರಬಹುದು ಅಂದರು. ಟಣ್ ಇರುವುದು ಆ ಬಾವಿಯಲ್ಲಿ.

"ನಾನು ಅವತ್ತೇ ಗಟ್ಟಿಯಾಗಿ ಜಗಳ ಆಡ್ಬೇಕಿತ್ತು ಮಾಮ" ಅಂದಳು ಅವಳು ಕಾರಿನಲ್ಲಿ, ನನ್ನ ಕಡೆ ತಿರುಗಿ, ಗಾಡಿ ನಿಲ್ಲಿಸಿ.

"ಆಡಿದೆಯಲ್ಲ. ನಾನು ಬಿಡಲಿಲ್ಲ."

ನವೆಂಬರ್ 8, ಶನಿವಾರ

ಈ ವರ್ಷ ಬೇಡ ಅಂದ ದೋಣಿಗಳ ಮಾಲೀಕರಿಗೆಲ್ಲ ಕಾಗದ ಬರೆದೆ. ನನ್ನ ವರದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಬೇರೆಯವರಿಂದ ತೂತು ಕೊರೆಸಿ ನೋಡಿಸಿ, ಕಾರಣ ಹೀಗೆ. ಡ್ರಿಲ್ಲಿನ ವಿಳಾಸವನ್ನೂ ಕೊಟ್ಟೆ. ಹನ್ನೆರಡು ಕಾಗದ. ಅವರಲ್ಲಿ ಮೂವರ ದೋಣಿ ಆಗಲೇ ತುಂಡಾಗಿದೆ, ಅವರಿಗೂ ಬರೆದೆ. ನರ್ಸಿಗೂ ಒಂದು.

ಮಾವನಿಗೆ ಬರೆದದ್ದನ್ನು ಹರಿದೆ. ಹೋಗಲೇಬೇಕು.

ನವೆಂಬರ್ 9, ಭಾನುವಾರ

ಮಾವನ ಮನೆ, ಮೂರನೆಯ ಮಹಡಿ. ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಜಾಗ. ಮಾವ ಬಾಗಿಲು ತೆರೆದವರೇ, ನಾನು ಬಾಯಿ ಬಿಡುವ ಮೊದಲೇ ಕೇಳಿದರು. ಅವರ ತುಟಿಗಳನ್ನೇ ನೋಡುತ್ತಿದ್ದೆ, ತಿಳಿಯಿತು.

"ಒಳಗೆ ಹೇಗಿತ್ತು?"

"ಒಣಗಿತ್ತು ಮಾವ. ಉಳಿ ಹಾಕಿದ್ರೂ ಬಿಡಲಿಲ್ಲ."

"ಎಲ್ಲಾ ಕಡೆ ನೋಡಿದ್ಯಾ?"

"ಹನ್ನೆರಡು ಕಡೆ."

"ಎಡಗಡೆ ಹಿಂದಿನ ಮೂಲೆ? ಅದಕ್ಕೆ ಅಂಟು ಹಾಕೋ ದಿನ ಅವಳಿಗೆ ಜ್ವರ. ಬೇಡ ಅಂದ್ರೂ ಕೇಳಲಿಲ್ಲ."

"ಅಲ್ಲೂ ಬಿಡಲಿಲ್ಲ."

ಅವರು ತಲೆಯಾಡಿಸಿದರು. ಒಂದು ಕ್ಷಣ ಅವರ ಮುಖದಲ್ಲಿ ಬಂದದ್ದು ಸಂತೋಷವೇ, ಬೇರೇನೂ ಅಲ್ಲ. ಅಂಟು ಹಿಡಿದಿತ್ತಲ್ಲ ಅನ್ನುವ ಸಂತೋಷ. ಅದು ಮುಖದಿಂದ ಇಳಿದುಹೋಗುವುದನ್ನೂ ನೋಡಿದೆ.

ಕಿವಿಯ ವಿಷಯ ಹೇಳಿದೆ. ಡಾಕ್ಟರ ಕಾಗದ ಮೇಜಿನ ಮೇಲಿಟ್ಟೆ. ತಪ್ಪಾಯಿತು ಅಂದೆ. ಅಷ್ಟಕ್ಕಿಂತ ಹೆಚ್ಚು ಹೇಳಲು ಏನಿದೆ.

ಮಾವ ಕೋಲೂರಿ ಎದ್ದು ಕಿಟಕಿಯ ಬಳಿ ಹೋದರು. ನನಗೆ ಬೆನ್ನು ಹಾಕಿ ನಿಂತು ಮಾತಾಡತೊಡಗಿದರು. ಭುಜ ಅಲುಗುತ್ತಿದ್ದುದು ಕಾಣುತ್ತಿತ್ತು. ನಡುನಡುವೆ ನಿಲ್ಲಿಸಿದರು. ಒಮ್ಮೆ ಕೋಲಿನಿಂದ ನೆಲ ಕುಟ್ಟಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ. ಅವರ ದನಿಯ ದಪ್ಪ ಗುಂಯ್‌ಗುಟ್ಟುವಿಕೆ ಬಿಟ್ಟರೆ ಒಂದು ಅಕ್ಷರವೂ ನನಗೆ ಕೇಳಿಸಲಿಲ್ಲ.

ಆಮೇಲೆ ತಿರುಗಿ ನನ್ನನ್ನು ನೋಡುತ್ತ ನಿಂತರು. ಉತ್ತರಕ್ಕೆ ಕಾಯುತ್ತಿದ್ದರು.

ಕೇಳಿಸಲಿಲ್ಲ, ಈ ಕಡೆ ತಿರುಗಿ ಇನ್ನೊಂದು ಸಲ ಹೇಳಿ ಮಾವ ಅನ್ನಬೇಕಿತ್ತು. ಅಂಥ ಮಾತನ್ನು ಒಬ್ಬ ಮನುಷ್ಯನಿಂದ ಎರಡು ಸಲ ಆಡಿಸುವುದು ಹೇಗೆ? ನಾನು "ಹೂಂ" ಅಂದೆ.

ಅವರು ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಬಾಗಿಲವರೆಗೆ ನಡೆಸಿದರು. ಆ ಕೈ ನನ್ನನ್ನು ಹಿಡಿದಿತ್ತೋ ತಳ್ಳುತ್ತಿತ್ತೋ, ಮೆಟ್ಟಿಲು ಇಳಿಯುವವರೆಗೂ ಯೋಚಿಸಿದೆ.

ಹೆಂಡತಿ ಎದುರು ಕುರ್ಚಿಯಲ್ಲಿ ಕೂತು ಕೇಳಿದಳು. "ಏನಂದ್ರು?"

ಗೊತ್ತಿಲ್ಲ ಅಂದೆ. ಬೈದರೋ, ಕ್ಷಮಿಸಿದರೋ, ಏನಾದರೂ ಮಾತು ತೆಗೆದುಕೊಂಡರೋ, ನಾನು ಯಾವುದಕ್ಕೆ ಹೂಂ ಅಂದೆನೋ ಗೊತ್ತಿಲ್ಲ. ನಾಳೆ ಹತ್ತು ಗಂಟೆಗೆ ಮತ್ತೆ ಹೋಗಿ ಅವರ ಎದುರು ಕೂತು, ನನಗೆ ಕೇಳಿಸಲಿಲ್ಲ ಅಂತ ಹೇಳಬೇಕು.